ಪುಟ್ಟ ನಾಯಿಯ ಪ್ರಯಾಣ ಮತ್ತು ಚಿಗಟ, ಉಣುಗುಗಳ ಕಾಲಗಣನೆ

ಸಭೆಗೆ ನಮಸ್ಕಾರ. ನಾಯಿಯನ್ನು ಜೊತೆಗಿಟ್ಟುಕೊಂಡು ದೂರ ಪ್ರಯಾಣ ಹೊರಡುವವರು ಅದರ ಆಹಾರ, ಕುಡಿಯುವ ನೀರು, ಹಾಸಿಗೆ, ಲಸಿಕೆಯ ದಾಖಲೆ ಇವನ್ನೆಲ್ಲ ಮರೆಯದೆ ಹೊಂದಿಸಿಕೊಳ್ಳುತ್ತಾರೆ. ಚಿಗಟ ಮತ್ತು ಉಣುಗುಗಳ ವಿಚಾರ ಮಾತ್ರ ಬಹುಮಂದಿಗೆ ನೆನಪಾಗುವುದು ನಾಯಿ ಮೈ ಕೆರೆದುಕೊಳ್ಳತೊಡಗಿದ ಮೇಲೆ. ಇಂದು ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ಸಂಗತಿ. ನಮ್ಮ ಪ್ರಯಾಣ ನಾಲ್ಕು ದಿನಗಳಲ್ಲಿ ಮುಗಿಯಬಹುದು. ಆದರೆ ಈ ಜೀವಿಗಳ ಲೆಕ್ಕದಲ್ಲಿ ಅದು ನಾವು ಹೊರಡುವುದಕ್ಕೆ ಕೆಲವು ವಾರ ಮೊದಲೇ ಆರಂಭವಾಗಿ, ಮನೆಗೆ ಮರಳಿದ ಮೇಲೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮುಂದುವರಿಯುತ್ತದೆ. ರಕ್ಷಣೆಯ ಯೋಜನೆಯನ್ನು ನಮ್ಮ ರಜೆಯ ದಿನಗಳಿಗೆ ಹೊಂದಿಸದೆ ಅವುಗಳ ಜೀವನಚಕ್ರಕ್ಕೆ ಹೊಂದಿಸಬೇಕು.

ಪುಟ್ಟ ನಾಯಿ ಎಂದಾಗ ನನ್ನ ಮನಸ್ಸಿನಲ್ಲಿರುವುದು ಎರಡರಿಂದ ಎಂಟು ಕಿಲೋಗ್ರಾಂ ತೂಗುವ ನಾಯಿಗಳು. ದೊಡ್ಡ ನಾಯಿಗೆ ಹೇಳುವ ಮಾತನ್ನೇ ಇವಕ್ಕೂ ಹೇಳಿದರೆ ಸಾಲದು ಎಂಬುದಕ್ಕೆ ಬಲವಾದ ಕಾರಣಗಳಿವೆ. ನಾಯಿಯ ದೇಹದಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80ರಿಂದ 90 ಮಿಲಿಲೀಟರ್ ರಕ್ತವಿರುತ್ತದೆ. ಅಂದರೆ 3 ಕಿಲೋಗ್ರಾಂ ತೂಕದ ನಾಯಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ ಕಾಲು ಲೀಟರಿನ ಆಸುಪಾಸು. ಒಂದು ಹೆಣ್ಣು ಚಿಗಟ ದಿನವೊಂದಕ್ಕೆ ಸುಮಾರು 13.6 ಮೈಕ್ರೋಲೀಟರ್ ರಕ್ತ ಹೀರುತ್ತದೆ. ಇದು ಅದರ ಸ್ವಂತ ತೂಕದ ಹದಿನೈದು ಪಟ್ಟು. ಎಪ್ಪತ್ತೆರಡು ಹೆಣ್ಣು ಚಿಗಟಗಳಿದ್ದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ರಕ್ತ ಹೋಗುತ್ತದೆ. ದೊಡ್ಡ ನಾಯಿ ಇದನ್ನು ತಾಳಿಕೊಳ್ಳಬಹುದು; ಪುಟ್ಟ ನಾಯಿ, ಅದರಲ್ಲೂ ಮರಿ, ಕೆಲವೇ ವಾರಗಳಲ್ಲಿ ರಕ್ತಹೀನತೆಗೆ ಈಡಾಗುತ್ತದೆ. ಎತ್ತರದ ಮಾತೂ ಇದೆ. ಉಣುಗುಗಳು ಹುಲ್ಲಿನ ಎಸಳಿನ ಮೇಲೆ, ತಗ್ಗಾದ ಪೊದೆಯ ತುದಿಯಲ್ಲಿ ಕಾದು ಕುಳಿತಿರುತ್ತವೆ. ದೊಡ್ಡ ನಾಯಿಯ ಕಾಲು ಮಾತ್ರ ತಾಗುವ ಹುಲ್ಲಿನಲ್ಲಿ ಪುಟ್ಟ ನಾಯಿಯ ಹೊಟ್ಟೆ, ಎದೆ, ಮುಖ ಎಲ್ಲವೂ ಉಜ್ಜಿಕೊಂಡೇ ಸಾಗುತ್ತವೆ. ಜೊತೆಗೆ ಇಂಥ ನಾಯಿಗಳನ್ನು ನಾವು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ, ಹಾಸಿಗೆಯಲ್ಲಿ ಮಲಗಿಸಿಕೊಳ್ಳುತ್ತೇವೆ. ಅವುಗಳ ಮೈಮೇಲಿರುವುದು ನಮ್ಮ ಮೈಗೆ ಬರಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಈಗ ಚಿಗಟದ ಬದುಕನ್ನು ನೋಡೋಣ. ನಾಯಿಗಳ ಮೈಮೇಲೆ ಅತಿ ಹೆಚ್ಚಾಗಿ ಕಾಣಿಸುವುದು ವಾಸ್ತವವಾಗಿ ಬೆಕ್ಕಿನ ಚಿಗಟವೆಂದು ಹೆಸರು ಪಡೆದಿರುವ ಕ್ಟೆನೊಸೆಫಲೈಡಿಸ್ ಫೆಲಿಸ್ ಎಂಬ ಜಾತಿ. ಇದು ನಾಯಿಯ ಮೈಗೆ ಹಾರಿದ ಕೆಲವೇ ನಿಮಿಷಗಳಲ್ಲಿ ರಕ್ತ ಹೀರಲು ಆರಂಭಿಸಿ, ಒಂದೆರಡು ದಿನಗಳೊಳಗೆ ಮೊಟ್ಟೆಯಿಡುತ್ತದೆ. ಆಮೇಲೆ ದಿನಕ್ಕೆ ನಲವತ್ತು ಐವತ್ತು ಮೊಟ್ಟೆಗಳವರೆಗೂ ಇಡಬಲ್ಲದು. ಈ ಮೊಟ್ಟೆಗಳು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಎಲ್ಲಿ ಮಲಗುತ್ತದೆಯೋ, ಮೈ ಕೊಡವುತ್ತದೆಯೋ ಅಲ್ಲೆಲ್ಲ ಉದುರುತ್ತವೆ. ಅವುಗಳಿಂದ ಹೊರಬಂದ ಮರಿಹುಳುಗಳು ಬೆಳಕಿಗೆ ಹೆದರಿ ರತ್ನಗಂಬಳಿಯ ಆಳಕ್ಕೆ, ಹಲಗೆಗಳ ಬಿರುಕಿಗೆ, ಕಾರಿನ ಸೀಟಿನ ಸಂದಿಗೆ ಇಳಿದು, ದೊಡ್ಡ ಚಿಗಟಗಳ ಮಲವಾಗಿ ಬೀಳುವ ಒಣ ರಕ್ತವನ್ನು ತಿಂದು ಬೆಳೆಯುತ್ತವೆ. ನಂತರ ಅಂಟಂಟಾದ ಗೂಡು ಕಟ್ಟಿಕೊಂಡು ಕೋಶಾವಸ್ಥೆಗೆ ಹೋಗುತ್ತವೆ.

ಪ್ರಯಾಣಿಕರಿಗೆ ಮುಖ್ಯವಾದುದು ಈ ಕೋಶಾವಸ್ಥೆಯೇ. ಗೂಡಿನೊಳಗೆ ಪೂರ್ತಿ ಬೆಳೆದ ಚಿಗಟ ತಿಂಗಳುಗಟ್ಟಲೆ ಸುಮ್ಮನೆ ಉಳಿಯಬಲ್ಲದು. ಹತ್ತಿರದಲ್ಲಿ ಹೆಜ್ಜೆಯ ಕಂಪನ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿದೊಡನೆ ಹೊರಗೆ ಜಿಗಿಯುತ್ತದೆ. ಬಹಳ ದಿನ ಮುಚ್ಚಿದ್ದ ಕೋಣೆಯ ಬಾಗಿಲು ತೆರೆದು ನಾಯಿಯೊಂದಿಗೆ ಒಳಹೊಕ್ಕ ಸಂಜೆಯೇ ಅದರ ಮೈಮೇಲೆ ಚಿಗಟಗಳು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಆ ಕೋಣೆ ನೋಡುವುದಕ್ಕೆ ಎಷ್ಟೇ ಚೊಕ್ಕಟವಾಗಿದ್ದರೂ ಹಿಂದೆ ಅಲ್ಲಿ ತಂಗಿದ್ದ ನಾಯಿಯೋ ಬೆಕ್ಕೋ ಬಿಟ್ಟುಹೋದ ಮೊಟ್ಟೆಗಳ ಫಲ ಅಲ್ಲಿ ಉಳಿದಿರುತ್ತದೆ. ಚಿಗಟಗಳ ಒಟ್ಟು ಸಂಖ್ಯೆಯಲ್ಲಿ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಸುಮಾರು ಶೇಕಡ 5ರಷ್ಟು ಮಾತ್ರ, ಉಳಿದವೆಲ್ಲ ಮೊಟ್ಟೆ, ಮರಿಹುಳು, ಕೋಶಗಳಾಗಿ ಪರಿಸರದಲ್ಲಿರುತ್ತವೆ ಎಂದು ಪಶುವೈದ್ಯರು ಹೇಳುತ್ತಾರೆ. ಚಿಗಟದ ಕಾಟ ಬರೀ ತುರಿಕೆಯಷ್ಟೇ ಅಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಬಿದ್ದರೂ ಸಾಕು, ಬಾಲದ ಬುಡದಲ್ಲಿ ಚರ್ಮ ಹುಣ್ಣಾಗುವವರೆಗೂ ಅದು ಕಚ್ಚಿಕೊಳ್ಳುತ್ತದೆ. ಮೈ ನೆಕ್ಕುವಾಗ ಚಿಗಟವನ್ನು ನುಂಗಿದರೆ ಡಿಪಿಲಿಡಿಯಮ್ ಎಂಬ ಲಾಡಿಹುಳು ಹೊಟ್ಟೆ ಸೇರುವ ಸಾಧ್ಯತೆಯಿದೆ.

ಉಣುಗು ಕೀಟವಲ್ಲ, ಜೇಡ, ಚೇಳುಗಳ ಬಳಗದ ಜೀವಿ. ಮೊಟ್ಟೆಯೊಡೆದು ಬರುವಾಗ ಆರು ಕಾಲು, ಮುಂದಿನ ಹಂತಗಳಲ್ಲಿ ಎಂಟು ಕಾಲು. ಅದಕ್ಕೆ ಹಾರಲು ಬರುವುದಿಲ್ಲ, ಜಿಗಿಯಲೂ ಬರುವುದಿಲ್ಲ. ಮುಂಗಾಲುಗಳಲ್ಲಿರುವ ಹ್ಯಾಲರ್ ಅಂಗವೆಂಬ ಸಂವೇದನಾಂಗದಿಂದ ಉಸಿರು, ಬಿಸಿ, ತೇವಗಳನ್ನು ಗ್ರಹಿಸಿ, ಮುಂಗಾಲು ಚಾಚಿ ಕಾದು, ಹಾದುಹೋಗುವ ಪ್ರಾಣಿಯ ಕೂದಲನ್ನು ಹಿಡಿದುಕೊಳ್ಳುತ್ತದೆ. ಬಹುತೇಕ ಜಾತಿಗಳಿಗೆ ಹುಲ್ಲುಗಾವಲು, ಕಾಡಂಚು, ಎಲೆ ಬಿದ್ದ ನೆಲ ಬೇಕು. ಆದರೆ ಜಗತ್ತಿನ ಬಹುಭಾಗದಲ್ಲಿ ಕಾಣಸಿಗುವ ಕಂದುಬಣ್ಣದ ನಾಯಿ ಉಣುಗು, ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್, ಈ ನಿಯಮಕ್ಕೆ ಹೊರತು. ಅದು ತನ್ನ ಮೂರೂ ಹಂತಗಳಲ್ಲಿ ನಾಯಿಯ ರಕ್ತವನ್ನೇ ಕುಡಿದು, ಕಟ್ಟಡದೊಳಗೇ ಇಡೀ ಜೀವನಚಕ್ರವನ್ನು ಮುಗಿಸಬಲ್ಲದು. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಬಿದ್ದು, ಗೋಡೆಯ ಬಿರುಕನ್ನೋ ಬಾಗಿಲ ಚೌಕಟ್ಟಿನ ಸಂದಿಯನ್ನೋ ಹುಡುಕಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಬೆಳೆದ ಉಣುಗು ರಕ್ತವಿಲ್ಲದೆಯೂ ಒಂದು ವರ್ಷಕ್ಕೂ ಮಿಕ್ಕಿ ಬದುಕಿರಬಲ್ಲದು. ಆದುದರಿಂದ ನಾಯಿಯನ್ನು ಹುಲ್ಲಿಗೇ ಇಳಿಸಿಲ್ಲ, ನಮಗೇನೂ ಭಯವಿಲ್ಲ ಎಂಬ ಸಮಾಧಾನ ಸರಿಯಲ್ಲ. ಅನೇಕ ನಾಯಿಗಳನ್ನು ಒಟ್ಟಿಗೆ ಇರಿಸುವ ತಾಣಗಳಲ್ಲಿ ಅಪಾಯ ಇನ್ನೂ ಹೆಚ್ಚು.

ಉಣುಗು ಹೊತ್ತು ತರುವ ರೋಗಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಕಂದು ನಾಯಿ ಉಣುಗು ಎರ್ಲಿಕಿಯಾ ಕ್ಯಾನಿಸ್ ಎಂಬ ಬ್ಯಾಕ್ಟೀರಿಯಾವನ್ನೂ ಕೆಂಪು ರಕ್ತಕಣಗಳನ್ನು ಒಡೆಯುವ ಬೆಬೀಸಿಯಾ ಪರಾವಲಂಬಿಯನ್ನೂ ಹರಡುತ್ತದೆ. ಯುರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಇಕ್ಸೋಡಿಸ್ ಜಾತಿಯ ಉಣುಗುಗಳು ಲೈಮ್ ರೋಗವನ್ನು ಹರಡುತ್ತವೆ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಇಕ್ಸೋಡಿಸ್ ಹೋಲೋಸೈಕ್ಲಸ್ ತನ್ನ ಜೊಲ್ಲಿನ ನರವಿಷದಿಂದ ಪಾರ್ಶ್ವವಾಯುವನ್ನು ಉಂಟುಮಾಡುತ್ತದೆ. ಅಲ್ಲಿ ಒಂದೇ ಒಂದು ಉಣುಗು ಪುಟ್ಟ ನಾಯಿಯ ಪ್ರಾಣ ತೆಗೆಯಲು ಸಾಕು, ಮತ್ತು ಉಣುಗನ್ನು ಕಿತ್ತ ಮೇಲೂ ನಾಯಿಯ ಸ್ಥಿತಿ ಹದಗೆಡುತ್ತ ಹೋಗಬಹುದು. ಕಡಿತದಿಂದ ಸೋಂಕು ತಗಲುವವರೆಗಿನ ಅವಧಿಯೂ ಒಂದೇ ಅಲ್ಲ. ಲೈಮ್ ರೋಗದ ಬ್ಯಾಕ್ಟೀರಿಯಾ ಉಣುಗಿನ ಕರುಳಿನಿಂದ ಜೊಲ್ಲುಗ್ರಂಥಿಗೆ ಬರಬೇಕಾದ್ದರಿಂದ ಸಾಮಾನ್ಯವಾಗಿ 24 ಗಂಟೆಗೂ ಮೀರಿದ ಕಾಲ ಬೇಕು. ಎರ್ಲಿಕಿಯಾಕ್ಕೆ ಕೆಲವೇ ಗಂಟೆಗಳು ಸಾಕು. ದಿನಕ್ಕೊಮ್ಮೆ ಮೈ ತಡವಿ ನೋಡುವುದು ಬಹಳ ಒಳ್ಳೆಯ ಅಭ್ಯಾಸವೇ ಆದರೂ ಅದೊಂದನ್ನೇ ನಂಬಿ ಔಷಧಿಯನ್ನು ಬಿಡಲಾಗದು ಎಂದು ನಾನು ಹೇಳುವುದು ಈ ಕಾರಣಕ್ಕಾಗಿ.

ಹೊರಡುವ ಮುನ್ನಿನ ಸಿದ್ಧತೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಇಂದು ದೊರೆಯುವ ಔಷಧಿಗಳು ಸ್ಥೂಲವಾಗಿ ಮೂರು ರೂಪದಲ್ಲಿ ಬರುತ್ತವೆ: ಹೆಗಲುಗಳ ನಡುವೆ ಚರ್ಮದ ಮೇಲೆ ಹಾಕುವ ಹನಿಗಳು, ಕೊರಳಿಗೆ ಕಟ್ಟುವ ಪಟ್ಟಿ, ಬಾಯಿಯ ಮೂಲಕ ಕೊಡುವ ಮಾತ್ರೆ. ಫಿಪ್ರೊನಿಲ್ ಇರುವ ಹನಿ ಚರ್ಮದ ಎಣ್ಣೆಯೊಂದಿಗೆ ಮೈಯೆಲ್ಲ ಹರಡಲು ಒಂದೆರಡು ದಿನ ಹಿಡಿಯುತ್ತದೆ. ಅದನ್ನು ಹಾಕುವ ಮುಂಚಿನ ಎರಡು ದಿನ, ಹಾಕಿದ ಮೇಲಿನ ಎರಡು ದಿನ ಸ್ನಾನ ಮಾಡಿಸಬಾರದು. ಪ್ರಯಾಣಕ್ಕೆಂದು ನಾಯಿಯನ್ನು ಚೆನ್ನಾಗಿ ತೊಳೆದು, ಒದ್ದೆ ಮೈಗೇ ಹನಿ ಹಾಕಿ, ಮರುದಿನವೇ ಹೊರಟರೆ ಆ ಔಷಧಿಯಿಂದ ಪೂರ್ಣ ಫಲ ಸಿಗುವುದಿಲ್ಲ. ಇಮಿಡಾಕ್ಲೋಪ್ರಿಡ್ ಮತ್ತು ಫ್ಲುಮೆಥ್ರಿನ್ ಸೇರಿರುವ ಕೊರಳಪಟ್ಟಿ ಏಳೆಂಟು ತಿಂಗಳು ಕೆಲಸ ಮಾಡುತ್ತದೆ. 8 ಕಿಲೋಗ್ರಾಂವರೆಗಿನ ನಾಯಿಗಳಿಗೆ ಅದರ ಪ್ರತ್ಯೇಕ ಅಳತೆಯಿದೆ. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ತೂರುವಷ್ಟು ಜಾಗವಿಟ್ಟು, ಉಳಿದ ತುದಿಯನ್ನು ನಾಯಿ ಕಚ್ಚದಂತೆ ಕತ್ತರಿಸಿಬಿಡಬೇಕು.

ಮಾತ್ರೆಗಳಲ್ಲಿ ಈಗ ಹೆಚ್ಚು ಬಳಕೆಯಲ್ಲಿರುವುದು ಐಸಾಕ್ಸಜೋಲಿನ್ ಗುಂಪಿನ ಅಫಾಕ್ಸೊಲೇನರ್, ಫ್ಲುರಲೇನರ್, ಸರೊಲೇನರ್, ಲೊಟಿಲೇನರ್. ಇವು ರಕ್ತದಲ್ಲಿದ್ದು, ಕಚ್ಚಿದ ಚಿಗಟ, ಉಣುಗುಗಳನ್ನು ಕೊಲ್ಲುತ್ತವೆ, ಕಚ್ಚುವುದನ್ನೇ ತಡೆಯುವುದಿಲ್ಲ. ಆದ್ದರಿಂದ ಮಾತ್ರೆ ಕೊಟ್ಟ ನಾಯಿಯ ಮೈಮೇಲೂ ಉಣುಗು ಕಾಣಿಸಬಹುದು, ಅದನ್ನು ಕಂಡು ಔಷಧಿ ನಕಲಿ ಎಂದುಕೊಳ್ಳಬೇಕಾಗಿಲ್ಲ. ಸ್ನಾನ, ಈಜುಗಳಿಂದ ಇವುಗಳ ಶಕ್ತಿ ಕುಂದದಿರುವುದು ಪ್ರಯಾಣದಲ್ಲಿ ದೊಡ್ಡ ಅನುಕೂಲ. ಆದರೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಗುಂಪಿನ ಔಷಧಿಗಳಿಂದ ಕೆಲವು ಪ್ರಾಣಿಗಳಲ್ಲಿ ನಡುಕ, ತೂರಾಟ, ಸೆಳವು (ಫಿಟ್ಸ್) ಕಾಣಿಸಬಹುದೆಂದು ಪ್ರಕಟಿಸಿತು. ಬಹುಪಾಲು ನಾಯಿಗಳಿಗೆ ಇವು ಸುರಕ್ಷಿತವೆಂಬುದೇ ಅದರ ನಿಲುವು. ಹಿಂದೆ ಸೆಳವು ಬಂದಿದ್ದ ನಾಯಿಗೆ ಕೊಡುವ ಮುನ್ನ ಮಾತ್ರ ಪಶುವೈದ್ಯರೊಂದಿಗೆ ಮಾತನಾಡಲೇಬೇಕು. ಯಾವುದೇ ಹೊಸ ಔಷಧಿಯನ್ನು ಮೊಟ್ಟಮೊದಲ ಬಾರಿಗೆ ಕೊಡುವುದಾದರೆ ಹೊರಡುವುದಕ್ಕೆ ಎರಡು ಮೂರು ವಾರ ಮೊದಲೇ ಕೊಡಿ ಎಂಬುದು ನನ್ನ ಸಲಹೆ. ಏನಾದರೂ ತೊಂದರೆಯಾದರೆ ಅದು ಪರಿಚಿತ ವೈದ್ಯರ ಹತ್ತಿರವಿರುವಾಗಲೇ ಆಗಲಿ, ಅಪರಿಚಿತ ಹೆದ್ದಾರಿಯ ಮಧ್ಯೆ ಆಗದಿರಲಿ.

ಅಳತೆಯ ವಿಷಯದಲ್ಲಿ ಪುಟ್ಟ ನಾಯಿಗೆ ಆಗುವ ಅನ್ಯಾಯ ನನ್ನನ್ನು ಬಹಳ ನೋಯಿಸುತ್ತದೆ. ಫ್ಲುರಲೇನರ್‌ನ ಉದಾಹರಣೆ ತೆಗೆದುಕೊಳ್ಳಿ. 2ರಿಂದ 4.5 ಕಿಲೋಗ್ರಾಂ ತೂಕದ ನಾಯಿಗೆ ಕೊಡುವ ಮಾತ್ರೆಯಲ್ಲಿ 112.5 ಮಿಲಿಗ್ರಾಂ ಔಷಧಿಯಿದ್ದರೆ, 40ರಿಂದ 56 ಕಿಲೋಗ್ರಾಂ ತೂಕದ್ದಕ್ಕೆ ಕೊಡುವುದರಲ್ಲಿ 1400 ಮಿಲಿಗ್ರಾಂ ಇರುತ್ತದೆ. ಹನ್ನೆರಡು ಪಟ್ಟಿಗೂ ಹೆಚ್ಚು. ಹಣ ಉಳಿಸಲು ದೊಡ್ಡ ಮಾತ್ರೆಯನ್ನು ತುಂಡು ಮಾಡಿ ಕೊಡುವವರು, ದೊಡ್ಡ ನಾಯಿಯ ಹನಿಯನ್ನು ಅಂದಾಜಿನಲ್ಲಿ ಹಂಚಿ ಹಾಕುವವರು ಇದ್ದಾರೆ. ತುಂಡುಗಳಲ್ಲಿ ಔಷಧಿ ಸಮನಾಗಿರುತ್ತದೆಂಬ ಖಾತರಿಯಿಲ್ಲ, ಅಂದಾಜು ತಪ್ಪಿದರೆ ಪೆಟ್ಟು ತಿನ್ನುವುದು ಮೂರು ಕಿಲೋಗ್ರಾಂ ತೂಕದ ಜೀವ. ಔಷಧಿ ಕೊಡುವ ವಾರದಲ್ಲೇ ನಾಯಿಯನ್ನು ತೂಗಿಸಿ, ಆ ತೂಕಕ್ಕೆ ಗುರುತಿಸಿದ ಪೊಟ್ಟಣವನ್ನೇ ಕೊಳ್ಳಿ. ಎಂಟು ವಾರ ತುಂಬದ ಮರಿಗಳಿಗೆ ಈ ಬಹುತೇಕ ಔಷಧಿಗಳು ನಿಷಿದ್ಧ. ಅವಕ್ಕೆ ಹೇನು ಬಾಚಣಿಗೆ ಮತ್ತು ವೈದ್ಯರ ಮಾತು, ಇವೆರಡೇ ಗತಿ. ಅಷ್ಟು ಎಳೆಯ ಮರಿಯನ್ನು ಪ್ರಯಾಣಕ್ಕೆ ಒಯ್ಯದಿರುವುದೇ ಮೇಲು.

ಕೆಲವು ಪದಾರ್ಥಗಳನ್ನು ಹೆಸರು ಹಿಡಿದೇ ಹೇಳಬೇಕು. ನಾಯಿಯ ಹನಿಗಳಲ್ಲಿ ಬಳಸುವ ಪರ್ಮೆಥ್ರಿನ್ ಉಣುಗುಗಳನ್ನು ದೂರವಿಡುವ ಒಳ್ಳೆಯ ಔಷಧಿಯಾದರೂ ಬೆಕ್ಕಿಗೆ ಅದು ಪ್ರಾಣಾಂತಿಕ ವಿಷ. ತಂಗುವ ಮನೆಯಲ್ಲಿ ಬೆಕ್ಕಿದ್ದು, ನಾಯಿ ಮತ್ತು ಬೆಕ್ಕು ಒಂದನ್ನೊಂದು ನೆಕ್ಕುವ ಅಥವಾ ಒಟ್ಟಿಗೆ ಮಲಗುವ ಸಂಭವವಿದ್ದರೆ ಆ ಔಷಧಿಯನ್ನು ಕೈಬಿಡಿ. ನೀರಿನಲ್ಲಿ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ದ್ರಾವಣವನ್ನು ಚಿಹುವಾಹುವಾದಂಥ ಅತಿ ಪುಟ್ಟ ತಳಿಗಳಿಗೂ ಮಧುಮೇಹವಿರುವ ನಾಯಿಗಳಿಗೂ ಬಳಸಬಾರದು. ಟೀ ಟ್ರೀ ಎಣ್ಣೆ ಸಹಜ ಪದಾರ್ಥವೆಂಬ ಕಾರಣಕ್ಕೆ ನಿರಪಾಯಕಾರಿಯಲ್ಲ. ತೆಳುಮಾಡದೆ ಹಚ್ಚಿದರೆ ಪುಟ್ಟ ನಾಯಿ ನಡುಗುತ್ತ, ನಿತ್ರಾಣವಾಗಿ ಕುಸಿಯುವುದುಂಟು. ಬೆಳ್ಳುಳ್ಳಿ ತಿನ್ನಿಸಿದರೆ ಉಣುಗು ಹತ್ತುವುದಿಲ್ಲ ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುವ ಪದಾರ್ಥ, ಅದನ್ನು ರಕ್ಷಣೆಯೆಂದು ಕೊಡಬೇಡಿ.

ದಾರಿಯಲ್ಲಿ ಮಾಡಬೇಕಾದುದು ಹೆಚ್ಚೇನಿಲ್ಲ, ಆದರೆ ಬಿಡದೆ ಮಾಡಬೇಕು. ನಡೆಸುವಾಗ ಹಾದಿಯ ನಡುವೆ ನಡೆಸಿ. ಎತ್ತರದ ಹುಲ್ಲು, ಎಲೆಯ ರಾಶಿ, ಪೊದೆಯ ಅಂಚುಗಳನ್ನು ತಪ್ಪಿಸಿ. ಉದ್ದ ಕೂದಲಿನ ನಾಯಿಯಾದರೆ ಪಾದದ ಸುತ್ತಲಿನ, ಹೊಟ್ಟೆಯಡಿಯ ಕೂದಲನ್ನು ಮೊದಲೇ ಕತ್ತರಿಸಿಡಿ, ಹುಡುಕುವುದು ಸುಲಭವಾಗುತ್ತದೆ. ನಾಯಿಯನ್ನು ಅದರದೇ ಬುಟ್ಟಿಯಲ್ಲಿ, ಬಿಸಿನೀರಿನಲ್ಲಿ ಒಗೆಯಬಹುದಾದ ತಿಳಿಬಣ್ಣದ ಹಾಸಿನ ಮೇಲೆ ಮಲಗಿಸುವುದು ಒಳ್ಳೆಯದು. ಬಿಳಿಯ ಬಟ್ಟೆಯ ಮೇಲೆ ಕರಿಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಬಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಆ ಚುಕ್ಕೆಯನ್ನು ಒದ್ದೆ ಕಾಗದದ ಮೇಲಿಟ್ಟು ನೋಡಿ. ಸುತ್ತಲೂ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಮಲ, ಅಂದರೆ ಜೀರ್ಣವಾದ ರಕ್ತ. ಹರಡದಿದ್ದರೆ ಬರಿಯ ಮಣ್ಣು.

ಪ್ರತಿ ಸಂಜೆ ಬೆರಳ ತುದಿಗಳಿಂದ ನಾಯಿಯ ಇಡೀ ಮೈಯನ್ನು ನಿಧಾನವಾಗಿ ತಡವಿ. ಕಿವಿಯ ಒಳಮಡಿಕೆ, ಕಣ್ಣಿನ ರೆಪ್ಪೆ, ತುಟಿಯ ಅಂಚು, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಸಂದು, ಬೆರಳುಗಳ ನಡುವೆ, ಬಾಲದ ಕೆಳಗೆ, ಈ ಜಾಗಗಳನ್ನು ಬಿಡಬೇಡಿ. ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಸಿಕ್ಕಿದ ಉಣುಗನ್ನು ತೆಗೆಯಲು ಚೂಪು ತುದಿಯ ಚಿಮುಟ ಬೇಕು. ಅದರಿಂದ ಉಣುಗಿನ ಹೊಟ್ಟೆಯನ್ನು ಹಿಚುಕದೆ, ಚರ್ಮಕ್ಕೆ ತೀರ ಹತ್ತಿರದಲ್ಲಿ ಬಾಯಿಯ ಭಾಗವನ್ನು ಹಿಡಿದು, ಜರ್ಕು ಹೊಡೆಯದೆ ಸಮನಾದ ಬಲದಲ್ಲಿ ನೇರವಾಗಿ ಮೇಲಕ್ಕೆ ಎಳೆಯಬೇಕು. ಸೀಮೆಎಣ್ಣೆ ಹಾಕುವುದು, ಉರಿಯುವ ಕಡ್ಡಿ ತಾಗಿಸುವುದು, ಉಗುರುಬಣ್ಣ ಬಳಿಯುವುದು ಇವೆಲ್ಲ ಉಣುಗನ್ನು ಕೆರಳಿಸಿ, ಅದರ ಜೊಲ್ಲು ಇನ್ನಷ್ಟು ಗಾಯಕ್ಕೆ ಸೇರುವಂತೆ ಮಾಡಬಹುದು. ಜೊತೆಗೆ ನಾಯಿಯ ಚರ್ಮವೂ ಸುಡುತ್ತದೆ. ತೆಗೆದ ಉಣುಗನ್ನು ಬೆರಳಿನಿಂದ ಹೊಸಕಿ ಕೊಲ್ಲದೆ ಆಲ್ಕೋಹಾಲ್ ಇರುವ ಪುಟ್ಟ ಸೀಸೆಗೆ ಹಾಕಿ, ದಿನಾಂಕ ಮತ್ತು ಸ್ಥಳವನ್ನು ಬರೆದಿಡಿ. ಕಚ್ಚಿದ ಜಾಗವನ್ನೂ ನಿಮ್ಮ ಕೈಯನ್ನೂ ತೊಳೆಯಿರಿ.

ಮನೆಗೆ ಮರಳಿದ ದಿನ ಎಲ್ಲವೂ ಮುಗಿಯಿತೆಂದು ಅನ್ನಿಸುವುದು ಸಹಜ. ಆದರೆ ನಾಯಿಯ ಹಾಸು, ಬುಟ್ಟಿಯ ಹೊದಿಕೆ, ನಿಮ್ಮ ಬಟ್ಟೆಗಳನ್ನು ಒಳಗೆ ಹರಡುವ ಮೊದಲೇ ಬಿಸಿನೀರಿನಲ್ಲಿ ಒಗೆದು, ಸಾಧ್ಯವಾದರೆ ಒಣಗಿಸುವ ಯಂತ್ರದ ಹೆಚ್ಚು ಶಾಖದಲ್ಲಿ ಒಣಗಿಸಿ. ತಣ್ಣೀರಿನ ಒಗೆತದಲ್ಲಿ ಉಣುಗು ಸಾಯುವುದಿಲ್ಲ, ಒಣ ಶಾಖದಲ್ಲಿ ಸಾಯುತ್ತದೆ. ಕಾರಿನ ಸೀಟು, ಅದರಡಿಯ ಹಾಸುಗಳನ್ನು ವ್ಯಾಕ್ಯೂಮ್‌ನಿಂದ ಶುಚಿಗೊಳಿಸಿ, ಅದರ ಚೀಲವನ್ನು ಆಗಲೇ ಹೊರಗೆ ಎಸೆಯಿರಿ. ಔಷಧಿಯ ಅವಧಿ ತೀರಿದೊಡನೆ ಮುಂದಿನ ಅಳತೆಯನ್ನು ತಪ್ಪದೆ ಕೊಡಿ. ಪ್ರಯಾಣದಿಂದ ಬಂದ ಚಿಗಟದ ಕೋಶವೊಂದು ಮನೆಯಲ್ಲಿ ಉಳಿದಿದ್ದರೆ ಅದು ತೆರೆದುಕೊಳ್ಳುವ ಹೊತ್ತಿಗೆ ನಾಯಿಗೆ ರಕ್ಷಣೆಯಿರಬೇಕು. ಕನಿಷ್ಠ ಮೂರು ತಿಂಗಳಾದರೂ ಇದನ್ನು ಮುಂದುವರಿಸಬೇಕೆಂದು ನಾನು ಹೇಳುತ್ತೇನೆ.

ನಮ್ಮ ನಾಯಿಯೊಂದರ ಕ್ಷೇಮ ಮಾತ್ರ ಇಲ್ಲಿ ಪಣದಲ್ಲಿಲ್ಲ. ಬ್ರಿಟನ್‌ಗೆ ಬರುವ ನಾಯಿಗಳಿಗೆ ಹಿಂದೆ ಉಣುಗಿನ ಚಿಕಿತ್ಸೆ ಕಡ್ಡಾಯವಾಗಿತ್ತು. 2012ರ ಜನವರಿ 1ರಿಂದ ಆ ನಿಯಮ ಇಲ್ಲವಾಯಿತು. 2016ರ ಆರಂಭದಲ್ಲಿ ಎಸೆಕ್ಸ್ ಪ್ರಾಂತ್ಯದ ಹಾರ್ಲೋ ಪಟ್ಟಣದಲ್ಲಿ, ಎಂದೂ ಹೊರದೇಶಕ್ಕೆ ಹೋಗದಿದ್ದ ನಾಯಿಗಳಲ್ಲಿ ಬೆಬೀಸಿಯಾ ಕ್ಯಾನಿಸ್ ಸೋಂಕು ಪತ್ತೆಯಾಯಿತು, ಅಲ್ಲಿನ ಉಣುಗುಗಳಲ್ಲೂ ಅದು ಸಿಕ್ಕಿತು. ಎರ್ಲಿಕಿಯಾ ಕ್ಯಾನಿಸ್ ತನ್ನಲ್ಲಿಲ್ಲವೆಂದು ನಂಬಿದ್ದ ಆಸ್ಟ್ರೇಲಿಯಾದಲ್ಲಿ 2020ರ ಮೇ ತಿಂಗಳಲ್ಲಿ ಕಿಂಬರ್ಲಿ ಪ್ರದೇಶದ ನಾಯಿಗಳಲ್ಲಿ ಆ ರೋಗ ದೃಢಪಟ್ಟು, ಮುಂದೆ ಉತ್ತರ ಭಾಗಗಳಲ್ಲೆಲ್ಲ ಹರಡಿತು. ಈ ರೋಗಗಳು ಯಾವ ನಾಯಿಯಿಂದ ಬಂದವೆಂದು ಬೆರಳು ತೋರಿಸುವುದು ನನ್ನ ಉದ್ದೇಶವಲ್ಲ. ಸೋಂಕುಳ್ಳ ಒಂದು ಉಣುಗು ಹೊಸ ನೆಲದಲ್ಲಿ ಉದುರಿದರೆ ಅದರ ಪರಿಣಾಮವನ್ನು ಅಲ್ಲಿನ ನಾಯಿಗಳು ವರ್ಷಗಟ್ಟಲೆ ಅನುಭವಿಸಬೇಕಾಗಬಹುದು. ಕಾನೂನು ಕೇಳಲಿ, ಕೇಳದಿರಲಿ, ಗಡಿ ದಾಟುವ ಮೊದಲೂ ಮರಳುವ ಮೊದಲೂ ಉಣುಗಿನ ರಕ್ಷಣೆ ಜಾರಿಯಲ್ಲಿರುವಂತೆ ನೋಡಿಕೊಳ್ಳುವುದು ನಾಯಿಯೊಂದಿಗೆ ಪ್ರಯಾಣ ಮಾಡುವ ಪ್ರತಿಯೊಬ್ಬರ ಹೊಣೆ.

ಕೊನೆಯದಾಗಿ, ಮರಳಿದ ನಂತರ ಏನನ್ನು ಗಮನಿಸಬೇಕೆಂಬ ಮಾತು. ಎರ್ಲಿಕಿಯಾ ಸೋಂಕಿನ ಲಕ್ಷಣಗಳು ಸಾಮಾನ್ಯವಾಗಿ 8ರಿಂದ 20 ದಿನಗಳಲ್ಲಿ ಕಾಣಿಸುತ್ತವೆ, ಬೆಬೀಸಿಯಾದ್ದು ಒಂದರಿಂದ ಮೂರು ನಾಲ್ಕು ವಾರಗಳಲ್ಲಿ. ಜ್ವರ, ಮಂಕು, ಊಟ ಬಿಡುವುದು, ಬಿಳುಚಿದ ಒಸಡು, ಮೂಗಿನಿಂದ ರಕ್ತ, ಗಾಢ ಬಣ್ಣದ ಮೂತ್ರ, ಕಾರಣವಿಲ್ಲದ ಕುಂಟು, ಹಿಂಗಾಲಿನ ನಿಶ್ಶಕ್ತಿ, ಬೊಗಳುವ ದನಿಯಲ್ಲಿ ಬದಲಾವಣೆ, ಇವುಗಳಲ್ಲಿ ಯಾವುದು ಕಂಡರೂ ಮರುದಿನದವರೆಗೆ ಕಾಯಬೇಡಿ. ಎರ್ಲಿಕಿಯಾ ಕೆಲವು ನಾಯಿಗಳಲ್ಲಿ ಯಾವ ಸುಳಿವನ್ನೂ ಕೊಡದೆ ತಿಂಗಳುಗಳು, ವರ್ಷಗಳ ಕಾಲ ಅಡಗಿದ್ದು ಆಮೇಲೆ ಉಲ್ಬಣಿಸುವುದೂ ಇದೆ. ಹೀಗಾಗಿ ಪ್ರಯಾಣ ಮುಗಿದು ಎಷ್ಟೇ ಕಾಲವಾಗಿದ್ದರೂ ನಾಯಿ ಎಲ್ಲೆಲ್ಲಿಗೆ ಹೋಗಿತ್ತೆಂಬುದನ್ನು ವೈದ್ಯರು ಕೇಳದಿದ್ದರೂ ಹೇಳಿ. ಎರ್ಲಿಕಿಯಾಕ್ಕೆ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಕೊಡುತ್ತಾರೆ, ಬೆಬೀಸಿಯಾಕ್ಕೆ ಔಷಧಿಯೇ ಬೇರೆ. ಯಾವ ಪರೀಕ್ಷೆಯನ್ನು ಮೊದಲು ಮಾಡಬೇಕೆಂಬುದು ಹೋಗಿಬಂದ ಪ್ರದೇಶವನ್ನು ಅವಲಂಬಿಸಿರುತ್ತದೆ. ಆಲ್ಕೋಹಾಲಿನಲ್ಲಿ ಹಾಕಿಟ್ಟ ಉಣುಗಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಅದರ ಜಾತಿ ಗುರುತಿಸಲು ಸಾಧ್ಯವಾದರೆ ವೈದ್ಯರ ಹುಡುಕಾಟ ಅಷ್ಟರಮಟ್ಟಿಗೆ ಚಿಕ್ಕದಾಗುತ್ತದೆ.